ಪೌಚಿನೊಳಗೇ ಇರುವ ಕಳ್ಳದಾರಿ: ಮೊಬೈಲ್ ಕಾಯಲು ಯಾರಿಗೆ ಯಾವ ಉಪಾಯ?

ಕೊಪ್ಪಳ ಜಿಲ್ಲೆಯ ಒಂದು ಊರಿನ ಬಸ್ ನಿಲ್ದಾಣದ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ. ಹೆಸರಿಗಷ್ಟೇ ಜೆರಾಕ್ಸ್, ದುಡಿಮೆಯೆಲ್ಲ ಆನ್‌ಲೈನ್ ಅರ್ಜಿ ತುಂಬುವುದರಲ್ಲಿ. ಹುಣ್ಣಿಮೆಯ ಮರುದಿನ ಒಬ್ಬಿಬ್ಬರಾದರೂ ಬರಿಗೈಯಲ್ಲಿ ಬಂದು ನಿಲ್ಲುತ್ತಾರೆ. ಹುಲಿಗಿಗೆ ಹೋಗಿದ್ದೆವು, ಅಮ್ಮನ ದರ್ಶನವಾಯಿತು, ಬಸ್ಸು ಹತ್ತುವಾಗ ಫೋನು ಹೋಯಿತು ಎನ್ನುತ್ತಾರೆ. ಜನವರಿಯಲ್ಲಿ ಗವಿಮಠದ ಅಜ್ಜನ ಜಾತ್ರೆ ಬಂತೆಂದರೆ ಇಂಥವರ ಸಾಲು ಇನ್ನಷ್ಟು ಉದ್ದವಾಗುತ್ತದೆ.

ಹೀಗೆ ಬಂದವರಲ್ಲಿ ಒಬ್ಬ ಹೆಣ್ಣುಮಗಳ ಕಥೆ ಹೇಳಿದರೆ ಮುಂದಿನದು ಸುಲಭವಾಗುತ್ತದೆ. ಬಸ್ಸಿನಲ್ಲಿ ಉಚಿತ ಟಿಕೆಟಿಗೆ ತೋರಿಸಬೇಕೆಂದು ಆಧಾರ್ ಕಾರ್ಡನ್ನು ಆಕೆ ಫೋನಿನ ಪೌಚಿನಲ್ಲೇ ಇಟ್ಟಿದ್ದರು. ಅದರ ಹಿಂದೆ ಎಟಿಎಂ ಕಾರ್ಡು. ಫೋನಿಗೆ ಲಾಕ್ ಇರಲಿಲ್ಲ, ಮೊಮ್ಮಗ ಆಟವಾಡಲು ಕೇಳುತ್ತಾನೆಂದು ತೆಗೆಸಿದ್ದರು. ಆಕೆಗೆ ಚಿಂತೆ ಇದ್ದದ್ದು ಆ ಮೊಮ್ಮಗನ ಜವಳದ ಫೋಟೋಗಳದ್ದು. ನಾನು ಕೇಳಿದ್ದು ಬೇರೆ: "ಅಕ್ಕಾ, ಸಿಮ್ ಬಂದ್ ಮಾಡಿಸಿದ್ದೀರಾ?" ಇಲ್ಲ ಎಂದರು. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ತುಂಬಿಸಿದಾಗ ಗೃಹಲಕ್ಷ್ಮಿಯ ಕಂತುಗಳೂ ಹತ್ತಿ ಬಿಡಿಸಿದ ಕೂಲಿಯೂ ಹೋಗಿರುವುದು ತಿಳಿಯಿತು.

ಕಳ್ಳ ಏನು ಮಾಡಿರಬಹುದು ಎಂಬುದು ಗುಟ್ಟಿನ ವಿದ್ಯೆಯೇನಲ್ಲ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಒಟಿಪಿ ಅಲ್ಲಿಗೇ ಬರುತ್ತದೆ. ಯುಪಿಐ ಆ್ಯಪಿನಲ್ಲಿ ಹೊಸ ಪಿನ್ ಕಟ್ಟಲು ಎಟಿಎಂ ಕಾರ್ಡಿನ ಕೊನೆಯ ಆರು ಅಂಕಿ, ಕಾರ್ಡಿನ ಅವಧಿ ಮುಗಿಯುವ ತಿಂಗಳು ಮತ್ತು ಒಂದು ಒಟಿಪಿ ಸಾಕು. ಆಧಾರ್ ದಾರಿಯಿಂದ ಹೋದರೆ ಆಧಾರ್ ಸಂಖ್ಯೆಯ ಮೊದಲ ಆರು ಅಂಕಿ ಮತ್ತು ಒಟಿಪಿ. ಎರಡು ದಾರಿಗೂ ಬೇಕಾದ ಸಾಮಾನು ಪೌಚಿನಲ್ಲೇ ಇತ್ತು. ಕೆಲವು ಬ್ಯಾಂಕುಗಳು ಎಟಿಎಂ ಪಿನ್ನನ್ನೂ ಕೇಳುತ್ತವೆ ಎನ್ನುವುದೊಂದು ಸಮಾಧಾನ. ಆದರೆ ಅದನ್ನು ಕಾರ್ಡಿನ ಕವರಿನ ಮೇಲೆ ಪೆನ್ನಿನಲ್ಲಿ ಬರೆದುಕೊಂಡವರನ್ನೂ ನಾನು ನೋಡಿದ್ದೇನೆ.

ಆದ್ದರಿಂದ ಉಪಾಯಗಳನ್ನು ಅಳೆದು ನೋಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಹೋದರೆ ನಿಮಗೆ ಹೆಚ್ಚು ನಷ್ಟ ಯಾವುದರಿಂದ: ಫೋನೆಂಬ ಯಂತ್ರದಿಂದಲೋ, ಖಾತೆಯ ದುಡ್ಡಿನಿಂದಲೋ, ಒಳಗಿನ ಫೋಟೋ ಮತ್ತು ಲೆಕ್ಕಪತ್ರದಿಂದಲೋ? ಮೂರಕ್ಕೂ ಕಾವಲು ಬೇರೆ ಬೇರೆ. ಅಂಗಡಿಗಳಲ್ಲಿ ಮಾರುವುದೆಲ್ಲ ಮೊದಲನೆಯದರ ಕಾವಲು. ನನ್ನ ಅನುಭವದಲ್ಲಿ ಮನೆ ಮುಳುಗಿಸುವುದು ಎರಡನೆಯದು, ಅದರ ಕಾವಲಿಗೆ ಮಾತ್ರ ದುಡ್ಡೇ ಖರ್ಚಾಗುವುದಿಲ್ಲ.

ಪ್ಯಾಟರ್ನ್, ಪಿನ್, ಬೆರಳು, ಮುಖ

ಒಂಬತ್ತು ಚುಕ್ಕಿಗಳ ಪ್ಯಾಟರ್ನ್ ಲಾಕನ್ನು ಒಟ್ಟು 3,89,112 ಬಗೆಯಲ್ಲಿ ಎಳೆಯಬಹುದು. ನಾಲ್ಕು ಅಂಕಿಯ ಪಿನ್ನಿನಲ್ಲಿ ಸಾಧ್ಯವಿರುವುದು 10,000 ಮಾತ್ರ. ಲೆಕ್ಕದಲ್ಲಿ ಪ್ಯಾಟರ್ನೇ ಗಟ್ಟಿ. ಆದರೆ ರಂಗೋಲಿಯ ಚುಕ್ಕಿ ಕಂಡರೆ ನೇರ ಗೆರೆಯನ್ನೇ ಎಳೆಯುವ ನಮ್ಮ ಬೆರಳು, ಇಲ್ಲೂ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದು ಮುಗಿಸುತ್ತದೆ. ಎಣ್ಣೆ ಕೈಯವರ ಫೋನನ್ನು ಬೆಳಕಿಗೆ ಓರೆ ಹಿಡಿದರೆ ಆ ಗೆರೆ ಗಾಜಿನ ಮೇಲೆ ಹಾಗೆಯೇ ಕಾಣುತ್ತದೆ. ಕಿಕ್ಕಿರಿದ ಬಸ್ಸಿನಲ್ಲಿ ಹಿಂದೆ ನಿಂತವನು ಒಂದೇ ನೋಟಕ್ಕೆ ಪ್ಯಾಟರ್ನನ್ನು ಕಲಿಯುತ್ತಾನೆ, ಆರು ಅಂಕಿ ನೆನಪಿಡಲು ಅವನಿಗೆ ಕಷ್ಟ. ನಾಲ್ಕು ಅಂಕಿಯ ಪಿನ್ ಇಟ್ಟವರು ಹುಟ್ಟಿದ ಇಸವಿಯನ್ನೋ ಗಾಡಿಯ ನಂಬರನ್ನೋ ಇಟ್ಟಿರುತ್ತಾರೆ. ಆರು ಅಂಕಿಯಾದರೆ ಬಗೆಗಳು 10 ಲಕ್ಷಕ್ಕೆ ಏರುತ್ತವೆ. ನಾನು ಹೇಳುವುದು ಆರಂಕಿಯ ಪಿನ್ನನ್ನೇ.

ಬೆರಳ ಗುರುತು ಇದ್ದರೆ ಪಿನ್ ಒತ್ತುವ ಪ್ರಸಂಗ ಕಡಿಮೆಯಾಗುತ್ತದೆ, ಹಿಂದಿನಿಂದ ಇಣುಕುವವನಿಗೆ ಏನೂ ಸಿಗುವುದಿಲ್ಲ. ಆದರೆ ನಮ್ಮ ಭಾಗದಲ್ಲಿ ಇದಕ್ಕೊಂದು ತೊಡಕಿದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು, ಗಂಗಾವತಿಯ ರೈಸ್ ಮಿಲ್ಲಿನ ಹಮಾಲರು, ಭತ್ತದ ನಾಟಿಗೆ ಹೋಗುವ ಹೆಂಗಸರು, ಕಲ್ಲು ಒಡೆಯುವವರು, ಇವರ ಬೆರಳ ಗೆರೆಗಳು ಸವೆದಿರುತ್ತವೆ. ನ್ಯಾಯಬೆಲೆ ಅಂಗಡಿಯಲ್ಲಿ ತಂಬ್ ಬೀಳದೆ ಮೂರು ಸಲ ಕೈ ಒರೆಸಿಕೊಳ್ಳುವವರಿಗೆ ಫೋನಿನಲ್ಲೂ ಅದೇ ಗೋಳು. ರೇಜಿಗೆಯಾಗಿ ಲಾಕನ್ನೇ ತೆಗೆದುಹಾಕುತ್ತಾರೆ. ಅಂಥವರು ಒಂದೇ ಹೆಬ್ಬೆರಳನ್ನು ಎರಡು ಮೂರು ಸಲ ಬೇರೆ ಬೇರೆ ಗುರುತಾಗಿ ಸೇರಿಸಬಹುದು, ಇಲ್ಲವೇ ಕಡಿಮೆ ಸವೆಯುವ ಕಿರುಬೆರಳನ್ನು ಕೊಡಬಹುದು. ನನ್ನ ಅಂಗಡಿಯಲ್ಲಿ ಕಿರುಬೆರಳು ಹಲವರಿಗೆ ಕೆಲಸ ಮಾಡಿದೆ.

ಮುಖ ತೋರಿಸಿ ತೆರೆಯುವ ಲಾಕಿನಲ್ಲಿ ಎಲ್ಲ ಫೋನುಗಳೂ ಸಮವಲ್ಲ. ಐಫೋನಿನ ಫೇಸ್ ಐಡಿ ಮುಖದ ಆಳ ಏರಿಳಿತಗಳನ್ನು ಅಳೆಯುತ್ತದೆ. ಕಡಿಮೆ ಬೆಲೆಯ ಫೋನುಗಳಲ್ಲಿ ಬಹಳಷ್ಟು ಮುಂದಿನ ಕ್ಯಾಮೆರಾ ಒಂದನ್ನೇ ನಂಬಿರುತ್ತವೆ. ಅವುಗಳಲ್ಲಿ ಮುಖದ ಲಾಕ್ ಬೇಡ.

ಲಾಕ್ ಯಾವುದೇ ಇರಲಿ, ಒಂದು ಕಿಂಡಿಯನ್ನು ಮುಚ್ಚದಿದ್ದರೆ ಎಲ್ಲವೂ ವ್ಯರ್ಥ. ಲಾಕ್ ಆಗಿರುವ ಪರದೆಯ ಮೇಲೆ ಎಸ್ಸೆಮ್ಮೆಸ್ಸಿನ ಒಕ್ಕಣೆ ಕಾಣುತ್ತಿದ್ದರೆ ಒಟಿಪಿಯೂ ಕಾಣುತ್ತದೆ. ಸೆಟ್ಟಿಂಗ್ಸಿನಲ್ಲಿ ನೋಟಿಫಿಕೇಶನ್ ಭಾಗಕ್ಕೆ ಹೋಗಿ, ಲಾಕ್ ಇದ್ದಾಗ ಒಳವಿಷಯ ತೋರಿಸಬಾರದೆಂದು ಆರಿಸಿಕೊಳ್ಳಿ.

ಸಿಮ್ಮಿಗೆ ಮೂರು ಬಗೆಯ ಕಾವಲು

ಫೋನಿಗೆ ಎಷ್ಟೇ ದೊಡ್ಡ ಬೀಗ ಜಡಿದರೂ ಸಿಮ್ಮನ್ನು ಸೂಜಿಯಿಂದ ಚುಚ್ಚಿ ಹೊರತೆಗೆಯಬಹುದು. ಬಹಳ ಜನರಿಗೆ ಗೊತ್ತಿಲ್ಲದ ಮಾತೆಂದರೆ ಸಿಮ್ಮಿಗೆ ಅದರದ್ದೇ ಪಿನ್ ಇಡಬಹುದು. ಇಟ್ಟರೆ ಬೇರೆ ಫೋನಿಗೆ ಹಾಕಿದ ಕೂಡಲೇ, ಅಥವಾ ಅದೇ ಫೋನನ್ನು ಆರಿಸಿ ಹೊತ್ತಿಸಿದ ಕೂಡಲೇ, ಸಿಮ್ ಪಿನ್ ಕೇಳುತ್ತದೆ. ಮೂರು ಸಲ ತಪ್ಪಿದರೆ ಅದು ಮುಚ್ಚಿಕೊಂಡು ಪಿಯುಕೆ ಎಂಬ ಎಂಟು ಅಂಕಿಯ ಸಂಖ್ಯೆ ಕೇಳುತ್ತದೆ. ಅದನ್ನೂ ಹತ್ತು ಸಲ ತಪ್ಪಿದರೆ ಸಿಮ್ ಶಾಶ್ವತವಾಗಿ ಸತ್ತಂತೆ. ಕಳ್ಳನಿಗೆ ಒಟಿಪಿಯ ದಾರಿ ಅಲ್ಲಿಗೆ ಬಂದ್. ಖರ್ಚು ಸೊನ್ನೆ.

ತೊಂದರೆ ಇರುವುದು ಆರಂಭದಲ್ಲಿ. ಪ್ರತಿ ಕಂಪನಿಯ ಸಿಮ್ಮಿಗೂ ಮೊದಲೇ ಒಂದು ಪಿನ್ ಇರುತ್ತದೆ, ಅದನ್ನು ಕೊಟ್ಟ ಮೇಲೆಯೇ ನಮ್ಮದನ್ನು ಇಡಲು ಬರುತ್ತದೆ. ಊಹಿಸಿ ಒತ್ತಲು ಹೋಗಬೇಡಿ. ಸಿಮ್ ಕೊಟ್ಟಾಗಿನ ದೊಡ್ಡ ಕಾರ್ಡಿನ ಮೇಲೆ ಅಥವಾ ಕಂಪನಿಯ ಸಹಾಯವಾಣಿಯಲ್ಲಿ ಕೇಳಿ ತಿಳಿದುಕೊಂಡೇ ಮುಟ್ಟಬೇಕು. ಮರೆವಿನ ಹಿರಿಯರಿಗೆ ಇದನ್ನು ಇಟ್ಟುಕೊಡುವಾಗ ಮಕ್ಕಳಲ್ಲಿ ಒಬ್ಬರಿಗಾದರೂ ಸಂಖ್ಯೆ ತಿಳಿದಿರಲಿ.

ಎರಡನೆಯದು ಇ-ಸಿಮ್. ಫೋನಿನೊಳಗೇ ಬೆಸೆದುಕೊಂಡಿರುವುದರಿಂದ ಚುಚ್ಚಿ ತೆಗೆಯುವ ಮಾತೇ ಇಲ್ಲ. ಫೋನ್ ಕದ್ದವನು ಸಿಮ್ ಬಿಸಾಡಿ ಸುಳಿವು ಅಳಿಸಲೂ ಆಗುವುದಿಲ್ಲ. ಆದರೆ ಫೋನ್ ಕಾಲುವೆಗೆ ಬಿದ್ದರೆ ಅಥವಾ ಪರದೆ ಒಡೆದರೆ ಸಿಮ್ಮನ್ನು ತೆಗೆದು ಹಳೆಯ ಫೋನಿಗೆ ಹಾಕಿಕೊಳ್ಳುವ ನಮ್ಮ ಅಭ್ಯಾಸ ಇಲ್ಲಿ ನಡೆಯದು. ಮೇಲಾಗಿ ಹತ್ತು ಹನ್ನೆರಡು ಸಾವಿರದ ಹೆಚ್ಚಿನ ಫೋನುಗಳಲ್ಲಿ ಈ ಸೌಲಭ್ಯವೇ ಇಲ್ಲ. ದುಬಾರಿ ಫೋನಿನವರು, ದೂರದ ರೈಲು ಪ್ರಯಾಣ ಮಾಡುವವರು ಯೋಚಿಸಬಹುದು.

ಮೂರನೆಯದು ರಾಯಚೂರು, ಸಿಂಧನೂರು ಕಡೆಯ ದಲಾಲಿ ಅಂಗಡಿಯವರ ಉಪಾಯ. ಬ್ಯಾಂಕಿಗೆ ಕೊಟ್ಟ ನಂಬರನ್ನು ಗುಂಡಿ ಒತ್ತುವ ಹಳೆಯ ಫೋನಿನಲ್ಲಿ ಹಾಕಿ ಗಲ್ಲಾಪೆಟ್ಟಿಗೆಯಲ್ಲಿ ಇಡುವುದು, ಜೇಬಿನ ದೊಡ್ಡ ಫೋನಿನಲ್ಲಿ ಬೇರೆ ನಂಬರು. ಫೋನ್ ಹೋದರೂ ಒಟಿಪಿ ಅಂಗಡಿಯಲ್ಲೇ ಇರುತ್ತದೆ. ಲಕ್ಷಗಟ್ಟಲೆ ಹತ್ತಿಯ ದುಡ್ಡು ತಿರುಗಿಸುವವರಿಗೆ ಇದಕ್ಕಿಂತ ಗಟ್ಟಿಯಾದದ್ದನ್ನು ನಾನು ಕಂಡಿಲ್ಲ. ಕೂಲಿ ಮಾಡುವವರಿಗೆ ಎರಡು ಸಿಮ್ಮಿನ ರೀಚಾರ್ಜ್ ಭಾರ. ಅವರಿಗೆ ಬದಲಿ ದಾರಿಯೆಂದರೆ ಎರಡು ಖಾತೆ. ಫೋನಿಗೆ ಜೋಡಿಸಿದ ಖಾತೆಯಲ್ಲಿ ಸಂತೆ ಖರ್ಚಿನಷ್ಟು ಮಾತ್ರ, ಉಳಿತಾಯ ಇನ್ನೊಂದರಲ್ಲಿ, ಅದರ ಎಟಿಎಂ ಕಾರ್ಡು ಮನೆಯ ಟ್ರಂಕಿನಲ್ಲಿ.

ಯುಪಿಐ ಲೈಟ್ ಬಗ್ಗೆ ಒಂದು ಮಾತು. ಅದರಲ್ಲಿ ಪಿನ್ ಇಲ್ಲದೆಯೇ ಒಮ್ಮೆಗೆ 1,000 ರೂಪಾಯಿವರೆಗೆ ಹೋಗುತ್ತದೆ, ಒಟ್ಟು 5,000 ರೂಪಾಯಿವರೆಗೆ ತುಂಬಿಡಬಹುದು. ಚಹಾ ಅಂಗಡಿಗೆ ಅನುಕೂಲ ನಿಜ. ಅದನ್ನು ಜೇಬಿನಲ್ಲಿರುವ ನೋಟಿನಂತೆ ಎಣಿಸಿ, ಹೋದರೆ ಹೋಯಿತು ಎನ್ನುವಷ್ಟನ್ನೇ ತುಂಬಿ.

ಆಂಡ್ರಾಯ್ಡ್ ಎದುರು ಐಫೋನ್

ಕಳವಿನ ವಿಷಯದಲ್ಲಿ ಐಫೋನ್ ಮುಂದಿತ್ತು, ಈಗ ಅಂತರ ಕಿರಿದಾಗಿದೆ. 2013ರಿಂದಲೇ ಐಫೋನಿನಲ್ಲಿ ಆ್ಯಕ್ಟಿವೇಶನ್ ಲಾಕ್ ಇದೆ. ಕಳ್ಳ ಎಲ್ಲವನ್ನೂ ಅಳಿಸಿದರೂ ಹಳೆಯ ಒಡೆಯನ ಪಾಸ್‌ವರ್ಡ್ ಇಲ್ಲದೆ ಫೋನ್ ಮತ್ತೆ ಬಳಕೆಗೆ ಬರುವುದಿಲ್ಲ. 2024ರ ಜನವರಿಯಲ್ಲಿ ಬಂದ ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್ ಎಂಬ ಏರ್ಪಾಡು ಇನ್ನೂ ಜಾಣತನದ್ದು. ಫೋನ್ ನಿಮ್ಮ ಮನೆ, ಕೆಲಸದ ಜಾಗಗಳಿಂದ ದೂರ ಇದ್ದಾಗ ಆ್ಯಪಲ್ ಖಾತೆಯ ಪಾಸ್‌ವರ್ಡ್ ಬದಲಿಸಲು ಮುಖ ಅಥವಾ ಬೆರಳು ತೋರಿಸಬೇಕು, ಒಂದು ಗಂಟೆ ಕಾಯಬೇಕು, ಮತ್ತೆ ತೋರಿಸಬೇಕು. ಪಿನ್ ಇಣುಕಿ ನೋಡಿ ಕದ್ದವನಿಗೂ ಕೈ ಕಟ್ಟಿದಂತೆ. ಇದು ಸೆಟ್ಟಿಂಗ್ಸಿನಲ್ಲಿ ಚಾಲೂ ಇದೆಯೇ ಎಂದು ನೋಡಿಕೊಳ್ಳಬೇಕು.

ಆಂಡ್ರಾಯ್ಡ್ ಫೋನುಗಳಲ್ಲಿ ಅಳಿಸಿದ ಮೇಲೂ ಹಳೆಯ ಗೂಗಲ್ ಖಾತೆ ಕೇಳುವ ಕಾವಲು ಬಹಳ ವರ್ಷಗಳಿಂದ ಇದೆ, ಆದರೆ ಸ್ಕ್ರೀನ್ ಲಾಕ್ ಇಟ್ಟು ಗೂಗಲ್ ಖಾತೆ ಸೇರಿಸಿದವರಿಗೆ ಮಾತ್ರ. ಫೋನ್ ಎಲ್ಲಿದೆ ಎಂದು ಹುಡುಕುವ ಆ್ಯಪಿನ ಹೆಸರು 2025ರಲ್ಲಿ ಫೈಂಡ್ ಹಬ್ ಎಂದಾಯಿತು. ಸದ್ದು ಮಾಡಿಸುವುದು, ಲಾಕ್ ಮಾಡುವುದು, ಎಲ್ಲ ಅಳಿಸುವುದು, ಮೂರೂ ಅದರಿಂದ ಆಗುತ್ತವೆ. 2024ರ ಕೊನೆಯಿಂದ ಆಂಡ್ರಾಯ್ಡ್ 10 ಮತ್ತು ಅದರ ಮೇಲಿನ ಆವೃತ್ತಿಗಳಿಗೆ ಹೊಸ ಸೌಲಭ್ಯಗಳು ಬರತೊಡಗಿದವು. ಯಾರಾದರೂ ಕೈಯಿಂದ ಕಿತ್ತು ಓಡಿದರೆ ಆ ಜಗ್ಗಾಟವನ್ನು ಗುರುತಿಸಿ ಪರದೆ ತಾನಾಗಿಯೇ ಲಾಕ್ ಆಗುತ್ತದೆ. ರೈಲಿನ ಕಿಟಕಿ ಪಕ್ಕ ಕುಳಿತು ವಿಡಿಯೊ ನೋಡುವಾಗ, ಸಿಗ್ನಲ್ಲಿಗೆ ನಿಧಾನವಾದ ಗಾಡಿಯ ಹೊರಗಿನಿಂದ ಕೈ ಹಾಕಿ ಕಿತ್ತುಕೊಳ್ಳುವುದುಂಟಲ್ಲ, ಅದಕ್ಕೆಂದೇ ಮಾಡಿದಂತಿದೆ. ಜಾತ್ರೆಯಲ್ಲಿ ಮೆಲ್ಲಗೆ ಜೇಬಿನಿಂದ ಜಾರಿಸಿಕೊಂಡರೆ ಅದಕ್ಕೆ ಗೊತ್ತಾಗುವುದಿಲ್ಲ.

ಈ ಸಾಲಿನಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ರಿಮೋಟ್ ಲಾಕ್. ಯಾರ ಫೋನಿನಿಂದಾದರೂ ಆಂಡ್ರಾಯ್ಡ್ ಡಾಟ್ ಕಾಮ್ ತೆರೆದು, ವಿಳಾಸದ ಕೊನೆಗೆ ಓರೆಗೆರೆ (/) ಹಾಕಿ ಲಾಕ್ ಎಂದು ಇಂಗ್ಲಿಷಿನಲ್ಲಿ ಸೇರಿಸಿ, ನಿಮ್ಮ ಮೊಬೈಲ್ ನಂಬರ್ ಕೊಟ್ಟರೆ ಸಾಕು. ಕಳೆದುಹೋದ ಫೋನಿಗೆ ಇಂಟರ್‌ನೆಟ್ ಇದ್ದರೆ ಪರದೆ ಬಿಗಿಯುತ್ತದೆ. ಪಾಸ್‌ವರ್ಡ್ ನೆನಪಿಲ್ಲದ ನಮ್ಮವರಿಗೆ ಇದು ವರ. ನನ್ನ ಅಂಗಡಿಗೆ ಬರುವ ಹತ್ತರಲ್ಲಿ ಎಂಟು ಜನರಿಗೆ ತಮ್ಮ ಜಿಮೇಲ್ ಪಾಸ್‌ವರ್ಡ್ ಗೊತ್ತಿರುವುದಿಲ್ಲ, ಅದನ್ನು ಮಾಡಿಕೊಟ್ಟವನು ಫೋನ್ ಮಾರಿದ ಹುಡುಗ. ಆದರೆ ರಿಮೋಟ್ ಲಾಕನ್ನು ಮೊದಲೇ ಚಾಲೂ ಮಾಡಿ ನಂಬರ್ ಖಾತ್ರಿ ಮಾಡಿರಬೇಕು.

ಗೂಗಲ್ ಖಾತೆಗೆ ಎರಡು ಹಂತದ ಕಾವಲು ಇಟ್ಟ ಜಾಣರಿಗೆ ಬೇರೆಯೇ ಪೇಚು. ಇನ್ನೊಬ್ಬರ ಫೋನಿನಿಂದ ಒಳಹೋಗಲು ಯತ್ನಿಸಿದರೆ "ನಿಮ್ಮ ಫೋನಿನಲ್ಲಿ ಹೌದು ಒತ್ತಿ" ಎನ್ನುತ್ತದೆ. ಆ ಫೋನು ಕಳ್ಳನ ಕೈಯಲ್ಲಿದೆ! ಇಂಥ ಹೊತ್ತಿಗೆಂದೇ ಗೂಗಲ್ ಹತ್ತು ಸಂಖ್ಯೆಗಳ ಒಂದು ಚೀಟಿ ಕೊಡುತ್ತದೆ, ಒಂದೊಂದೂ ಎಂಟು ಅಂಕಿಯದು, ಒಮ್ಮೆ ಬಳಸಿದರೆ ಮುಗಿಯಿತು. ಕಾಗದಕ್ಕೆ ಇಳಿಸಿ ಮನೆಯಲ್ಲಿಡಿ. ಜೆರಾಕ್ಸಿಗೆ ಎರಡು ರೂಪಾಯಿ.

ಹೊಸ ಫೋನ್ ಕೊಳ್ಳುವವರು ಕಳವಿನ ಕಾವಲೊಂದಕ್ಕಾಗಿ ಐಫೋನಿಗೆ ಸಾಲ ಮಾಡಬೇಕಿಲ್ಲ. ಆಂಡ್ರಾಯ್ಡ್ ಹೊಸ ಆವೃತ್ತಿಯದ್ದಾಗಿದ್ದು, ಮೇಲಿನ ನಾಲ್ಕೈದು ಗುಂಡಿಗಳನ್ನು ಒತ್ತಿದ್ದರೆ ಸಾಕು.

ಫೋಟೋ ಮತ್ತು ಲೆಕ್ಕಪತ್ರ

ಗೂಗಲ್ ಖಾತೆಯಲ್ಲಿ 15 ಜಿಬಿ ಜಾಗ ಉಚಿತ. ಫೋಟೋ, ಜಿಮೇಲ್, ಆಂಡ್ರಾಯ್ಡಿನ ವಾಟ್ಸ್‌ಆ್ಯಪ್ ಬ್ಯಾಕಪ್ ಮೂರೂ ಆ 15ರಲ್ಲೇ ಅಡಕವಾಗಬೇಕು. ದಿನಕ್ಕೆ ಐವತ್ತು ಶುಭೋದಯದ ಚಿತ್ರ ಬರುವ ವಾಟ್ಸ್‌ಆ್ಯಪ್ ಗುಂಪುಗಳಿದ್ದರೆ ಜಾಗ ಬೇಗ ತುಂಬಿ, ಬ್ಯಾಕಪ್ ಸದ್ದಿಲ್ಲದೆ ನಿಂತಿರುತ್ತದೆ. ಕಳವಾದ ಮೇಲೆ ನೋಡಿದರೆ ಕೊನೆಯ ಫೋಟೋ ಎರಡು ವರ್ಷದ ಹಿಂದಿನದು. ತಿಂಗಳಿಗೊಮ್ಮೆ ಇಣುಕಿ ನೋಡುವವರಿಗೆ ಇದೇ ಅತ್ಯುತ್ತಮ, ಏಕೆಂದರೆ ಉಳಿದೆಲ್ಲ ದಾರಿಗಳಿಗೂ ಕೈಯಾರೆ ಕೆಲಸ ಮಾಡಬೇಕು.

ಮೆಮೊರಿ ಕಾರ್ಡನ್ನು ಬ್ಯಾಕಪ್ ಎಂದು ತಿಳಿದವರು ಬಹಳ. ಅದು ಫೋನಿನೊಳಗೇ ಇರುವುದರಿಂದ ಫೋನಿನ ಜತೆಗೇ ಹೋಗುತ್ತದೆ. ಮೇಲಾಗಿ ಗೂಢಲಿಪಿ ಹಾಕದಿದ್ದರೆ ಕಳ್ಳ ಅದನ್ನು ತೆಗೆದು ಬೇರೆ ಫೋನಿಗೆ ಹಾಕಿ ಎಲ್ಲವನ್ನೂ ನೋಡಬಹುದು, ನಿಮ್ಮ ಸ್ಕ್ರೀನ್ ಲಾಕ್ ಅಲ್ಲಿ ಲೆಕ್ಕಕ್ಕೇ ಇಲ್ಲ. ದೂರದಿಂದ ಎಲ್ಲ ಅಳಿಸುವ ಆದೇಶ ಕೊಟ್ಟರೂ ಕಾರ್ಡಿನಲ್ಲಿರುವುದು ಉಳಿದುಬಿಡಬಹುದು. ಹಾಡು, ಭಜನೆ, ಸಿನಿಮಾ ಇಡಲು ಮೆಮೊರಿ ಕಾರ್ಡ್ ಇರಲಿ. ಮನೆಯ ಹೆಣ್ಣುಮಕ್ಕಳ ಫೋಟೋ, ಪಹಣಿ, ಪಾಸ್‌ಬುಕ್ಕಿನ ಚಿತ್ರ ಅಲ್ಲಿ ಬೇಡ.

ಇಂಟರ್‌ನೆಟ್ಟನ್ನು ನಂಬದವರಿಗೆ ಫೋನಿಗೇ ಸಿಕ್ಕಿಸುವ ಒಟಿಜಿ ಪೆನ್‌ಡ್ರೈವ್ ಒಳ್ಳೆಯದು. ಉಗಾದಿಗೊಮ್ಮೆ, ದಸರೆಗೊಮ್ಮೆ ಎಂದು ಹಬ್ಬದ ನೆಪ ಇಟ್ಟುಕೊಂಡರೆ ಮರೆಯುವುದಿಲ್ಲ. ಆಧಾರ್, ಅಂಕಪಟ್ಟಿ, ಚಾಲನಾ ಪರವಾನಗಿಗೆ ಡಿಜಿಲಾಕರ್ ಇದೆ, ಗ್ಯಾಲರಿಯಲ್ಲಿ ಅವುಗಳ ಫೋಟೋ ಬೇಕಿಲ್ಲ.

ವಾಟ್ಸ್‌ಆ್ಯಪಿಗೆ ಆರು ಅಂಕಿಯ ಎರಡನೇ ಹಂತದ ಪಿನ್ ಇಟ್ಟಿರಿ. ಇಲ್ಲದಿದ್ದರೆ ಸಿಮ್ ಹೊಂದಿದವನು ನಿಮ್ಮ ಹೆಸರಿನಲ್ಲಿ ನಿಮ್ಮ ಬೀಗರಿಗೆ "ಅರ್ಜೆಂಟಾಗಿ ಐದು ಸಾವಿರ ಹಾಕಿ" ಎಂದು ಬರೆಯುತ್ತಾನೆ. ಬೀಗರು ಹಾಕುತ್ತಾರೆ ಕೂಡ. ಆಮೇಲಿನ ಮುಜುಗರ ಫೋನ್ ಬೆಲೆಗಿಂತ ದೊಡ್ಡದು.

ವಿಮೆ ಮಾಡಿಸಬೇಕೇ?

ನನ್ನ ಉತ್ತರ: ನಲವತ್ತು ಸಾವಿರಕ್ಕಿಂತ ಕೆಳಗಿನ ಫೋನಿಗೆ ಬೇಡ. ಅಂಗಡಿಯವರು ಮಾರುವ ಹಲವು ಯೋಜನೆಗಳು ಪರದೆ ಒಡೆದದ್ದಕ್ಕೆ, ನೀರು ಹೊಕ್ಕದ್ದಕ್ಕೆ ಮಾತ್ರ. ಕಳವನ್ನು ಒಳಗೊಂಡವುಗಳಲ್ಲೂ "ಗಮನವಿಲ್ಲದೆ ಬಿಟ್ಟಾಗ ಹೋದರೆ ಇಲ್ಲ", "ಹೇಗೆ ಹೋಯಿತೆಂದು ತಿಳಿಯದಿದ್ದರೆ ಇಲ್ಲ" ಎಂಬ ಷರತ್ತುಗಳು ಸಾಮಾನ್ಯ. ಜಾತ್ರೆಯಲ್ಲಿ ಜೇಬಿನಿಂದ ಹೋದ ಫೋನು ಹೇಗೆ ಹೋಯಿತೆಂದು ಗೊತ್ತಿದ್ದರೆ ಹಿಡಿದೇಬಿಡುತ್ತಿದ್ದೆವಲ್ಲ! ವಿಮೆ ಮಾಡಿಸಿದವರು ಎಫ್‌ಐಆರ್ ಬೇಕೇ ಬೇಕು ಎಂಬುದನ್ನು ಮಾತ್ರ ಮರೆಯಬಾರದು. ಆ ವಿಷಯ ಮುಂದೆ ಬರುತ್ತದೆ.

ಹೋದ ಮೇಲೆ: ಮೊದಲು ಯಾವುದು?

ಇಲ್ಲಿ ಒಂದು ನಿಜವಾದ ಇಕ್ಕಟ್ಟಿದೆ. ಸಿಮ್ ಬಂದ್ ಮಾಡಿಸಿದರೆ ಒಟಿಪಿ ನಿಲ್ಲುತ್ತದೆ, ಆದರೆ ಫೋನಿನ ಇಂಟರ್‌ನೆಟ್ಟೂ ನಿಂತು ಅದು ಎಲ್ಲಿದೆ ಎಂದು ಹುಡುಕುವುದು ಕಷ್ಟವಾಗುತ್ತದೆ, ದೂರದಿಂದ ಕಳಿಸಿದ ಲಾಕ್ ಆದೇಶವೂ ತಲುಪದೇ ಹೋಗಬಹುದು. ಬಿಟ್ಟರೆ ಹುಡುಕಬಹುದು, ಆದರೆ ಖಾತೆ ತೆರೆದಿರುತ್ತದೆ. ಪೌಚಿನಲ್ಲಿ ಕಾರ್ಡು ಇದ್ದವರು ಹುಡುಕುವ ಆಸೆ ಬಿಟ್ಟು ಅಲ್ಲಿಂದಲೇ ಸಿಮ್ ಬಂದ್ ಮಾಡಿಸಿ, ಬ್ಯಾಂಕಿಗೆ ಕರೆ ಮಾಡಿ. ಕಾರ್ಡು ಮನೆಯಲ್ಲಿದ್ದು ಸಿಮ್ಮಿಗೂ ಪಿನ್ ಇದ್ದವರು ಮೊದಲು ಪಕ್ಕದವರ ಫೋನಿನಿಂದ ರಿಮೋಟ್ ಲಾಕ್ ಒತ್ತಿ, ಫೈಂಡ್ ಹಬ್ಬಿನಲ್ಲಿ ಜಾಗ ನೋಡಿ, ಅರ್ಧ ಗಂಟೆಯ ನಂತರ ಸಿಮ್ ಬಂದ್ ಮಾಡಿಸಬಹುದು. ಜಾಗ ಕಂಡಿತೆಂದು ಒಬ್ಬರೇ ಹೋಗಿ ಬಾಗಿಲು ಬಡಿಯಬೇಡಿ, 112ಕ್ಕೆ ಕರೆ ಮಾಡಿ.

ಲಾಕ್ ಮಾಡಬೇಕೋ, ಎಲ್ಲ ಅಳಿಸಬೇಕೋ ಎಂಬುದು ಇನ್ನೊಂದು. ಅಳಿಸಿದ ಮೇಲೆ ಆಂಡ್ರಾಯ್ಡ್ ಫೋನ್ ಎಲ್ಲಿದೆ ಎಂದು ಆ ಆ್ಯಪಿನಿಂದ ಮತ್ತೆ ತಿಳಿಯದು. ಆರಂಕಿಯ ಗಟ್ಟಿ ಪಿನ್ ಇದ್ದರೆ ಲಾಕ್ ಸಾಕು. ಲಾಕೇ ಇಲ್ಲದ, ಅಥವಾ ಮೂಲೆಗೆರೆಯ ಪ್ಯಾಟರ್ನಿನ ಫೋನಾದರೆ ತಡ ಮಾಡದೆ ಅಳಿಸಿ.

ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಗ್ರಾಹಕರ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದ ನಡೆದ ಮೋಸವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆ ಇಲ್ಲ. ಗ್ರಾಹಕರದೇ ಅಜಾಗರೂಕತೆ ಇದ್ದರೆ ತಿಳಿಸುವವರೆಗಿನ ನಷ್ಟ ಅವರದೇ, ತಿಳಿಸಿದ ಮೇಲಿನದು ಬ್ಯಾಂಕಿನದು. ಕಾರ್ಡಿನ ಕವರಿನ ಮೇಲೆ ಬರೆದ ಪಿನ್ನು ಇಲ್ಲಿ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ.

ಇ-ಲಾಸ್ಟ್ ಎದುರು ಎಫ್‌ಐಆರ್

ಕರ್ನಾಟಕ ಪೊಲೀಸರ ಆ್ಯಪಿನಲ್ಲಿ ಇ-ಲಾಸ್ಟ್ ಎಂಬ ಸೌಲಭ್ಯವಿದೆ. ಠಾಣೆಗೆ ಹೋಗದೆಯೇ ಅರ್ಜಿ ಹಾಕಿ ಸ್ವೀಕೃತಿ ಪಡೆಯಬಹುದು. ಬೀಳಿಸಿಕೊಂಡ, ಮರೆತು ಬಿಟ್ಟ ವಸ್ತುಗಳಿಗೆ ಅದು ಸರಿ. ಡುಪ್ಲಿಕೇಟ್ ಸಿಮ್ಮಿಗೂ ಫೋನ್ ಬ್ಲಾಕ್ ಮಾಡಿಸಲೂ ಆ ಸ್ವೀಕೃತಿ ಸಾಕಾಗುತ್ತದೆ. ಆದರೆ ಅದರ ಮೇಲೆ ತನಿಖೆ ನಡೆಯುವುದಿಲ್ಲ, ವಿಮೆಗೂ ನಡೆಯುವುದಿಲ್ಲ. ಕಿತ್ತುಕೊಂಡು ಹೋದರೆ, ಜೇಬು ಕತ್ತರಿಸಿದರೆ, ಖಾತೆಯಿಂದ ದುಡ್ಡು ಹೋದರೆ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವಿಗೆ 303ನೇ ಸೆಕ್ಷನ್, ಕಿತ್ತುಕೊಂಡು ಓಡುವುದಕ್ಕೆ ಪ್ರತ್ಯೇಕವಾಗಿ 304. "ಕಳೆದುಹೋಯಿತು ಎಂದು ಬರೆದುಕೊಡಿ, ಬೇಗ ಮುಗಿಯುತ್ತದೆ" ಎಂದು ಸಲಹೆ ಕೊಡುವವರು ಸಿಗುತ್ತಾರೆ. ಕಳವಾಗಿದ್ದರೆ ಕಳವು ಎಂದೇ ಬರೆಯಿರಿ.

ಗಡಿಯವರಾದ ನಮಗೆ ಇನ್ನೊಂದು ಅನುಕೂಲ 2024ರ ಜುಲೈ 1ರಿಂದ ಕಾನೂನಿನಲ್ಲೇ ಇದೆ. ಫೋನು ಗುಂತಕಲ್ಲಿನಲ್ಲಿ ಹೋಗಿರಲಿ, ಆದೋನಿಯಲ್ಲಿ ಹೋಗಿರಲಿ, ಬಳ್ಳಾರಿ ಅಥವಾ ರಾಯಚೂರಿನ ಠಾಣೆಯಲ್ಲಿ ದೂರು ಕೊಡಬಹುದು. ಠಾಣೆಯ ವ್ಯಾಪ್ತಿಯ ನೆಪ ಹೇಳಿ ಕಳಿಸುವಂತಿಲ್ಲ. ರೈಲಿನಲ್ಲಿದ್ದರೆ ರೈಲ್ವೆ ಸಹಾಯವಾಣಿ 139.

ಸಂಚಾರ ಸಾಥಿ

ಸಂಚಾರ ಸಾಥಿ ಎಂದರೆ ಕೇಂದ್ರ ದೂರಸಂಪರ್ಕ ಇಲಾಖೆಯ ಜಾಲತಾಣ. ಕಳುವಾದ ಫೋನನ್ನು ಬಂದ್ ಮಾಡಿಸಲು 2023ರ ಮೇ ತಿಂಗಳಿಂದ ದೇಶದಾದ್ಯಂತ ಬಂದ ಸಿಇಐಆರ್ ವ್ಯವಸ್ಥೆ ಅದರ ಭಾಗ. 2025ರ ಜನವರಿಯಿಂದ ಆ್ಯಪ್ ಕೂಡ ಇದೆ. ಐಎಂಇಐ ಎಂಬ, ಫೋನಿನ 15 ಅಂಕಿಯ ಗುರುತಿನ ಸಂಖ್ಯೆ, ಪೊಲೀಸ್ ದೂರಿನ ಪ್ರತಿ, ಗುರುತಿನ ಚೀಟಿ, ಬಿಲ್ಲು ಇದ್ದರೆ ಬಿಲ್ಲು, ಇಷ್ಟು ಕೊಟ್ಟರೆ ಆ ಫೋನು ದೇಶದ ಯಾವ ಕಂಪನಿಯ ನೆಟ್‌ವರ್ಕಿನಲ್ಲೂ ನಡೆಯದಂತೆ 24 ಗಂಟೆಯೊಳಗೆ ಬಂದ್ ಆಗುತ್ತದೆ. ಯಾರಾದರೂ ಅದಕ್ಕೆ ಸಿಮ್ ಹಾಕಿದರೆ ಮಾಹಿತಿ ಪೊಲೀಸರಿಗೆ ಹೋಗುತ್ತದೆ. ಫೈಂಡ್ ಹಬ್ ಫೋನಿನ ಇಂಟರ್‌ನೆಟ್ಟನ್ನು ನಂಬಿದೆ, ಇದು ನೆಟ್‌ವರ್ಕನ್ನೇ ನಂಬಿದೆ. ಎಲ್ಲವನ್ನೂ ಅಳಿಸಿ ಮಾರಿದ ಫೋನನ್ನೂ ಹಿಡಿಯುವ ಶಕ್ತಿ ಇದಕ್ಕಿದೆ. ವೈಫೈನಲ್ಲಿ ಮಾತ್ರ ಬಳಸುವವನನ್ನು, ಬಿಡಿಭಾಗಗಳಾಗಿ ಒಡೆದು ಮಾರುವವನನ್ನು ಹಿಡಿಯಲಾರದು.

ಇಲ್ಲಿ ನಮ್ಮವರು ಎಡವುವುದು ಎರಡು ಕಡೆ. ಒಂದು ಕಾಲದ ಲೆಕ್ಕ. ಅರ್ಜಿಗೆ ಒಟಿಪಿ ಬೇಕು, ಅದಕ್ಕೆ ಅದೇ ನಂಬರಿನ ಡುಪ್ಲಿಕೇಟ್ ಸಿಮ್ ಬೇಕು, ಹೊಸ ಸಿಮ್ಮಿಗೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ಆ ನಿಯಮ ನಮ್ಮ ರಕ್ಷಣೆಗೇ ಇರುವುದು. ಆದರೆ ಸಿಮ್ ತೆಗೆದುಕೊಂಡ ಅರ್ಧ ಗಂಟೆಗೇ ನನ್ನ ಅಂಗಡಿಗೆ ಬಂದು, ಒಟಿಪಿ ಬರಲಿಲ್ಲವೆಂದು ನನ್ನ ಕಂಪ್ಯೂಟರನ್ನು ಬೈದು ಹೋದವರಿದ್ದಾರೆ. ಮರುದಿನ ಬನ್ನಿ.

ಎರಡನೆಯದು ಐಎಂಇಐ. *#06# ಒತ್ತಿದರೆ ಪರದೆಯ ಮೇಲೆ ಬರುತ್ತದೆ, ಫೋನಿನ ಡಬ್ಬಿಯ ಮೇಲೂ ಬಿಲ್ಲಿನಲ್ಲೂ ಇರುತ್ತದೆ. ಎರಡು ಸಿಮ್ಮಿನ ಫೋನಾದರೆ ಸಂಖ್ಯೆಯೂ ಎರಡು. ಡಬ್ಬಿಯಲ್ಲಿ ಸೂಜಿ ದಾರ ತುಂಬಿಟ್ಟಿರುವ ಮನೆಗಳೇ ವಾಸಿ, ಡಬ್ಬಿ ಉಳಿದಿರುತ್ತದೆ. ವಿದ್ಯಾವಂತ ಹುಡುಗರನ್ನು ಕೇಳಿದರೆ "ಬಿಲ್ಲಿನ ಫೋಟೋ ತೆಗೆದಿಟ್ಟಿದ್ದೇನೆ ಸರ್" ಎನ್ನುತ್ತಾರೆ. ಎಲ್ಲಿ? ಅದೇ ಫೋನಿನಲ್ಲಿ.

ಹಳೆಯ ಫೋನ್ ಕೊಳ್ಳುವವರಿಗೂ ಈ ಸಂಖ್ಯೆಯೇ ಆಧಾರ. ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಐಎಂಇಐ ಬರೆದು 14422ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಫೋನಿನ ಸ್ಥಿತಿ ತಿಳಿಯುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡು, ಆಮೇಲೆ ಠಾಣೆಯಿಂದ ಕರೆ ಬಂದಾಗ ಬೆವರುವ ಬದಲು ಅಂಗಡಿಯ ಮುಂದೆಯೇ ಕಳಿಸಿ ನೋಡಿ.

ಅರ್ಜಿ ಹಾಕಿದಾಗ ಬರುವ ರಿಕ್ವೆಸ್ಟ್ ಐಡಿಯನ್ನು ಜೋಪಾನ ಮಾಡಬೇಕು. ಫೋನು ಸಿಕ್ಕಿ ಪೊಲೀಸರು ಕೈಗೆ ಕೊಟ್ಟ ಮೇಲೂ ಅದು ಬಂದ್ ಆಗಿಯೇ ಇರುತ್ತದೆ, ಆ ಐಡಿ ಕೊಟ್ಟು ಮತ್ತೆ ತೆರೆಸಬೇಕು. ಮೇಲೆ ಹೇಳಿದ ಅಕ್ಕನ ಫೋನು ಸಿಕ್ಕಿತು, ದುಡ್ಡು ಸಿಗಲಿಲ್ಲ. ಐಡಿ ಎಲ್ಲಿ ಎಂದು ಕೇಳಿದಾಗ ಆಕೆ ಮಗನಿಗೆ ಕರೆ ಮಾಡಿ, ಅಡುಗೆಮನೆಯ ಬಾಗಿಲ ಹಿಂದೆ ಹಾಲಿನ ಲೆಕ್ಕದ ಕೆಳಗೆ ಸೀಮೆಸುಣ್ಣದಲ್ಲಿ ಬರೆದದ್ದನ್ನು ಓದಿಸಿದರು. ಒಂದು ಅಂಕಿಯೂ ತಪ್ಪಿರಲಿಲ್ಲ.